ಫ್ಯಾಂಡೆಲ್ವರ್ ಗಣಿಯನ್ನು ಎಬೆರಾನ್‌ಗೆ ತಂದೆ: ಹೆಸರು ಬದಲಿಸಿದರೆ ಸಾಲದು

ಮೊನ್ನೆ ನಮ್ಮ ಗುಂಪಿನ ಕೊನೆಯ ಸೆಷನ್ ಮುಗಿಯಿತು. ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್ ಸಾಹಸವನ್ನು ಎಬೆರಾನ್ ಲೋಕಕ್ಕೆ ಹೊಂದಿಸಿ ಮೊದಲಿಂದ ಕೊನೆಯವರೆಗೆ ಆಡಿಸಿದ್ದಾಯಿತು. ಕೈ ಹಾಕುವ ಮುಂಚೆ ಯಾರಾದರೂ ಕೂರಿಸಿಕೊಂಡು ಇದನ್ನೆಲ್ಲ ಹೇಳಿದ್ದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಅದಕ್ಕೇ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ (ಕ್ಯಾರೆಕ್ಟರ್), ಡೈಸ್ ಉರುಳಿಸಿ ಆಡುವ ಕಥೆಯಾಟ; ಕಥೆ ನಡೆಸುವವರು ಡಿಎಂ. ಫ್ಯಾಂಡೆಲ್ವರ್ ಅನ್ನುವುದು 2014ರಲ್ಲಿ ಅದರ ಐದನೇ ಆವೃತ್ತಿಯ ಸ್ಟಾರ್ಟರ್ ಸೆಟ್ ಜೊತೆ ಬಂದ ಸಾಹಸ. ನಾಲ್ಕು ಭಾಗ, ಕ್ಯಾರೆಕ್ಟರ್‌ಗಳ ಬಲ 1ನೇ ಲೆವೆಲ್‌ನಿಂದ 5ನೇ ಲೆವೆಲ್‌ವರೆಗೆ ಏರುತ್ತದೆ. ನಡೆಯುವುದು ಫರ್ಗಾಟನ್ ರೆಲ್ಮ್ಸ್ ಲೋಕದ ಸ್ವೋರ್ಡ್ ಕೋಸ್ಟ್‌ನಲ್ಲಿ, ನೆವರ್‌ವಿಂಟರ್ ಆಸುಪಾಸು. ಎಬೆರಾನ್ ಬೇರೆಯದೇ ಲೋಕ. 2002ರಲ್ಲಿ ಹೊಸ ಸೆಟ್ಟಿಂಗ್‌ಗಾಗಿ ನಡೆದ ಹುಡುಕಾಟದಲ್ಲಿ ಕೀತ್ ಬೇಕರ್ ಅವರ ಕಲ್ಪನೆ ಗೆದ್ದು 2004ರಲ್ಲಿ ಪುಸ್ತಕವಾಯಿತು. ಅಲ್ಲಿ ಮಂತ್ರ ಅಂದರೆ ದಿನಬಳಕೆಯ ವಸ್ತು. ರೈಲು ಓಡುವುದೂ ಅದರಿಂದ, ದೂರದೂರಿಗೆ ಸುದ್ದಿ ಹೋಗುವುದೂ ಅದರಿಂದ. ನೂರು ವರ್ಷ ನಡೆದ ಯುದ್ಧ ಈಗಷ್ಟೇ ನಿಂತಿದೆ. ಸೈರ್ ಅನ್ನುವ ಒಂದು ಇಡೀ ದೇಶ ಬೂದು ಮಂಜಿನೊಳಗೆ ಸತ್ತು ಬಿದ್ದಿದೆ, ಆ ಜಾಗಕ್ಕೆ ಈಗ ಮೌರ್ನ್‌ಲ್ಯಾಂಡ್ ಅನ್ನುತ್ತಾರೆ.

ನಮ್ಮ ಗುಂಪು ಹಲವು ವರ್ಷಗಳಿಂದ ಎಬೆರಾನ್‌ನಲ್ಲೇ ಆಡುತ್ತಿದೆ. ಹಳೆಯ ಕ್ಯಾಂಪೇನ್ ಮುಗಿದಿತ್ತು, ಎಲ್ಲರಿಗೂ ಹೊಸ ಕ್ಯಾರೆಕ್ಟರ್ ಬೇಕಿತ್ತು, ಆದರೆ ಲೋಕ ಮಾತ್ರ ಅದೇ ಇರಬೇಕು ಅಂತ ಹಟ. ನನಗೆ ಪೂರ್ತಿ ಸಾಹಸವನ್ನು ಕೂತು ಹೆಣೆಯುವಷ್ಟು ಸಮಯ ಇರಲಿಲ್ಲ. ಸಿದ್ಧವಾಗಿರುವ ಒಂದನ್ನು ತಂದು ಹೊಂದಿಸೋಣ ಅಂದುಕೊಂಡೆ. ಫ್ಯಾಂಡೆಲ್ವರ್ ಆರಿಸಿದ್ದು ಯಾಕೆ ಅಂದರೆ ಅದು ಚಿಕ್ಕದು, ನಕ್ಷೆಗಳು ಚೆನ್ನಾಗಿವೆ, ಊರು ಇದೆ, ಊರಿನ ಸುತ್ತ ಹೋಗಿಬರಲು ನಾಲ್ಕಾರು ಜಾಗ ಇವೆ. 2023ರಲ್ಲಿ ಇದನ್ನೇ ಹಿಗ್ಗಿಸಿ ದೊಡ್ಡ ಪುಸ್ತಕ ತಂದಿದ್ದಾರೆ, ನಾನು ಬಳಸಿದ್ದು ಹಳೆಯದನ್ನೇ.

ಖರ್ಚಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೇಕಾಗುವುದು ಸಾಹಸದ ಪುಸ್ತಕ, ಸೆಟ್ಟಿಂಗ್‌ನ ಪುಸ್ತಕ (ಐದನೇ ಆವೃತ್ತಿಗೆ 2019ರಲ್ಲಿ ಬಂದ ಎಬೆರಾನ್ ಪುಸ್ತಕ ಸಾಕು), ನಕ್ಷೆ ಪ್ರಿಂಟ್ ಮಾಡಿಸಲು ಒಂದಿಷ್ಟು. ಬೇಸಿಕ್ ನಿಯಮಗಳು ಉಚಿತವಾಗಿಯೇ ಸಿಗುತ್ತವೆ, ಪ್ಲೇಯರ್‌ಗಳು ಏನನ್ನೂ ಕೊಳ್ಳಬೇಕಿಲ್ಲ. ನಿಜವಾದ ಖರ್ಚು ಸಮಯದ್ದು. ಓದುವುದಕ್ಕಿಂತ ಯೋಚಿಸುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ.

ಮೊದಲ ಕೆಲಸ, ಪುಸ್ತಕವನ್ನು ಒಂದೇ ಸಲಕ್ಕೆ ಕೊನೆವರೆಗೆ ಓದುವುದು. ಎರಡನೇ ಸಲ ಓದುವಾಗ ಬರುವ ಪ್ರತಿ ವ್ಯಕ್ತಿ, ಊರು, ಗುಂಪು, ದೇವರು, ಹಳೆಯ ಘಟನೆ ಎಲ್ಲವನ್ನೂ ಒಂದು ಶೀಟ್‌ಗೆ ಇಳಿಸುವುದು. ನಾನು ನಾಲ್ಕು ಕಾಲಂ ಇಟ್ಟುಕೊಂಡಿದ್ದೆ: ಪುಸ್ತಕದಲ್ಲಿ ಇದರ ಹೆಸರೇನು, ಕಥೆಯಲ್ಲಿ ಇದು ಮಾಡುವ ಕೆಲಸ ಏನು, ನಮ್ಮ ಲೋಕದಲ್ಲಿ ಆ ಕೆಲಸವನ್ನು ಯಾರು ಮಾಡುತ್ತಾರೆ, ಇದನ್ನು ತೆಗೆದರೆ ಏನು ಮುರಿಯುತ್ತದೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಎರಡನೇ ಕಾಲಂ. ಪುಸ್ತಕದಲ್ಲಿ ಬರುವ ಲಾರ್ಡ್ಸ್ ಅಲಯನ್ಸ್ ಅನ್ನುವ ಆಳುವವರ ಕೂಟಕ್ಕೆ ಎಬೆರಾನ್‌ನಲ್ಲಿ ಯಾವುದು ಸಮ ಅಂತ ಹುಡುಕಿದರೆ ತಲೆ ಕೆಡುತ್ತದೆ, ಸಮ ಯಾವುದೂ ಇಲ್ಲ. ಆದರೆ ಅದರ ಕೆಲಸ ಏನು? ಗಡಿ ಊರಿಗೆ ಕಾನೂನು ತರಲು ಒಬ್ಬ ನಂಬಿಗಸ್ತನನ್ನು ಕಳಿಸುವುದು. ಹಾಗೆ ಕೇಳಿದ ತಕ್ಷಣ ಉತ್ತರ ಸಿಗುತ್ತದೆ: ಎಬೆರಾನ್‌ನ ಬ್ರೆಲ್ಯಾಂಡ್ ದೇಶದ ರಾಜನ ಪಡೆ, ಕಿಂಗ್ಸ್ ಸಿಟಾಡೆಲ್. ಪುಸ್ತಕದಲ್ಲಿ ಅಲಯನ್ಸ್ ಕಳಿಸಿದ ಸಿಲ್ಡಾರ್ ಹಾಲ್‌ವಿಂಟರ್ ನಮ್ಮಲ್ಲಿ ಸಿಟಾಡೆಲ್‌ನ ಹಳೆಯ ಸೈನಿಕನಾದ, ಅವನು ಹುಡುಕಿಕೊಂಡು ಬಂದ ಮಾಂತ್ರಿಕ ಗ್ಲಾಸ್‌ಸ್ಟಾಫ್ ಅದೇ ಸಿಟಾಡೆಲ್‌ನಿಂದ ತಪ್ಪಿಸಿಕೊಂಡವನಾದ. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ಉಳಿದ ಸೈನಿಕರನ್ನು ಸೇರಿಸಿಕೊಂಡು ಊರನ್ನು ಸುಲಿಯುತ್ತಿದ್ದಾನೆ ಅಂದರೆ ಅವನ ರೆಡ್‌ಬ್ರ್ಯಾಂಡ್ ರೌಡಿ ಗುಂಪು ಎಲ್ಲಿಂದ ಬಂತು ಅನ್ನುವುದೂ ತಾನಾಗಿ ಹೊಂದಿಕೊಂಡಿತು.

ಊರನ್ನು ಎಲ್ಲಿಡುವುದು ಅನ್ನುವುದಕ್ಕೆ ತುಂಬಾ ದಿನ ಹಿಡಿಯಿತು. ಫ್ಯಾಂಡಲಿನ್ ಒಂದು ಗಡಿ ಊರು, ಹಾಳಾದ ಜಾಗದಲ್ಲಿ ಮತ್ತೆ ಬದುಕು ಕಟ್ಟಿಕೊಳ್ಳುತ್ತಿರುವ ಊರು. ನಾನು ಅದನ್ನು ಬ್ರೆಲ್ಯಾಂಡ್‌ನ ಪೂರ್ವದ ಅಂಚಿಗೆ, ಸೀವಾಲ್ ಬೆಟ್ಟಗಳ ಬುಡಕ್ಕೆ ತಂದೆ. ಒಂದು ಕಡೆ ಗಾಬ್ಲಿನ್‌ಗಳ ದೇಶ ದರ್ಗೂನ್, ಇನ್ನೊಂದು ಕಡೆ ಮೌರ್ನ್‌ಲ್ಯಾಂಡ್. ಊರಿನವರಲ್ಲಿ ಬಹಳ ಜನ ಸೈರ್ ದೇಶದ ನಿರಾಶ್ರಿತರು. ಆ ಭಾಗದಲ್ಲೇ ರಾಜಕುಮಾರ ಓರ್ಗೆವ್ ನೋಡಿಕೊಳ್ಳುವ ನ್ಯೂ ಸೈರ್ ಇದೆ, ಅಲ್ಲಿ ಜಾಗ ಸಾಲದೆ ಬಂದವರು ಅಂದರೆ ಆಯಿತು.

ಇಷ್ಟಾದ ಮೇಲೆ ಥಂಡರ್‌ಟ್ರೀ ಹಳ್ಳಿಯ ಗಂಟು ತಾನೇ ಬಿಚ್ಚಿಕೊಂಡಿತು. ಪುಸ್ತಕದಲ್ಲಿ ಜ್ವಾಲಾಮುಖಿ ಸಿಡಿದು ಆ ಹಳ್ಳಿ ಹಾಳಾಗಿರುತ್ತದೆ, ಬೂದಿ ಮೆತ್ತಿದ ಜಾಂಬಿಗಳು ಓಡಾಡುತ್ತವೆ. ನಮ್ಮಲ್ಲಿ 994ನೇ ವೈಕೆಯಲ್ಲಿ (ವೈಕೆ ಅಂದರೆ ಎಬೆರಾನ್‌ನ ವರ್ಷದ ಲೆಕ್ಕ) ಸೈರ್ ಸತ್ತ ದಿನ ಮಂಜಿನ ಅಂಚು ಈ ಹಳ್ಳಿಯ ಅರ್ಧದವರೆಗೆ ಬಂದು ನಿಂತಿತು. ಅಷ್ಟೇ. ಜಾಂಬಿಗಳ ಅಂಕಿಅಂಶ ಒಂದನ್ನೂ ಮುಟ್ಟಲಿಲ್ಲ. ಆದರೆ ನಿರಾಶ್ರಿತೆಯಾಗಿ ಆಡುತ್ತಿದ್ದವಳು ಆ ಬೀದಿಗೆ ಕಾಲಿಟ್ಟಾಗ ಮಾತೇ ಆಡಲಿಲ್ಲ.

ಇಲ್ಲಿಯವರೆಗೆ ಸುಲಭ. ಕಷ್ಟ ಶುರುವಾಗಿದ್ದು ಹಳೆಯ ಇತಿಹಾಸದಲ್ಲಿ.

ಫ್ಯಾಂಡೆಲ್ವರ್ ಒಪ್ಪಂದ ಅಂದರೆ ಡ್ವಾರ್ಫ್‌ಗಳೂ ನೋಮ್‌ಗಳೂ (ಎರಡೂ ಕುಳ್ಳ ಜನಾಂಗಗಳು) ಸೇರಿ ವೇವ್ ಎಕೋ ಗುಹೆಯ ಗಣಿಯನ್ನು ನಡೆಸಿದ ಕಾಲದ್ದು. 500 ವರ್ಷದ ಹಿಂದೆ ಓರ್ಕ್ ಸೈನ್ಯ ಬಂದು ಎಲ್ಲವನ್ನೂ ನಾಶ ಮಾಡಿತು ಅನ್ನುತ್ತದೆ ಪುಸ್ತಕ. ಎಬೆರಾನ್‌ನಲ್ಲಿ ಆಟ ಸಾಮಾನ್ಯವಾಗಿ ಶುರುವಾಗುವುದು 998ನೇ ವೈಕೆಯಲ್ಲಿ. 500 ವರ್ಷ ಹಿಂದೆ ಹೋದರೆ ಇಡೀ ಗ್ಯಾಲಿಫಾರ್ ರಾಜ್ಯ ಒಂದೇ ಕಿರೀಟದ ಕೆಳಗಿದ್ದ ಶಾಂತಿಯ ಕಾಲ. ರಾಜ್ಯದ ನಡುಮಧ್ಯೆ ಓರ್ಕ್ ಸೈನ್ಯ ಎಲ್ಲಿಂದ ಬರಬೇಕು? ಓರ್ಕ್‌ಗಳು ಹೆಚ್ಚಾಗಿ ಇರುವುದೇ ದೂರದ ಪಶ್ಚಿಮದ ಶ್ಯಾಡೋ ಮಾರ್ಚಸ್ ಕಡೆ. ನಮ್ಮ ಗುಂಪಿನಲ್ಲಿ ಈ ಇತಿಹಾಸ ಬಾಯಿಪಾಠ ಇರುವ ಇಬ್ಬರಿದ್ದಾರೆ, ಸುಮ್ನೆ ಹೇಳಿ ದಾಟಿಸಲು ಆಗುವುದಿಲ್ಲ.

ಕೆಲವು ವಾರ ಇಲ್ಲೇ ನಿಂತೆ. ಬೇಜಾರಾಗಿ ಪುಸ್ತಕ ಮುಚ್ಚಿಟ್ಟದ್ದೂ ಉಂಟು. ಕೊನೆಗೆ ದಾರಿ ತೋರಿಸಿದ್ದು ಅದೇ ಎರಡನೇ ಕಾಲಂ. ಓರ್ಕ್ ಸೈನ್ಯದ ಕೆಲಸ ಏನು? ಗಣಿ ಯಾಕೆ ಕಳೆದುಹೋಯಿತು ಅನ್ನುವುದಕ್ಕೆ ಕಾರಣ ಕೊಡುವುದು. ಎಬೆರಾನ್‌ನಲ್ಲಿ ನೆಲದಡಿಯ ಜಾಗಗಳು ಕಳೆದುಹೋಗುವುದಕ್ಕೆ ಅದರದ್ದೇ ಕಾರಣಗಳಿವೆ. ಮನುಷ್ಯರು ಬರುವ ಮುಂಚೆ ಈ ಖಂಡವನ್ನು ಆಳಿದ್ದು ಗಾಬ್ಲಿನ್‌ಗಳ ದಕಾನ್ ಸಾಮ್ರಾಜ್ಯ. ಸುಮಾರು 9,000 ವರ್ಷದ ಹಿಂದೆ ಬೇರೆ ಲೋಕದಿಂದ ಡೇಲ್ಕಿರ್ ಅನ್ನುವ ಭೀಕರ ಜೀವಿಗಳು ನುಗ್ಗಿದ ಮೇಲೆ ಅದು ಕುಸಿಯಿತು. ದಕಾನ್ ಕಮ್ಮಾರರು ಮಾಡಿದ ಆಯುಧಗಳಿಗೆ ಈಗಲೂ ಹೆಸರಿದೆ. ಅಂದರೆ ಗಣಿಯೊಳಗಿರುವ ಮಂತ್ರದ ಕುಲುಮೆಯನ್ನು ಕಟ್ಟಿದ್ದು ಗಾಬ್ಲಿನ್‌ಗಳು! 500 ವರ್ಷದ ಹಿಂದೆ ಡ್ವಾರ್ಫ್‌ಗಳೂ ನೋಮ್‌ಗಳೂ ಅದನ್ನು ಕಂಡುಹಿಡಿದು ಕೆಲವು ಕಾಲ ಬಳಸಿದರು, ಆಳದಲ್ಲಿ ಮಲಗಿದ್ದದ್ದೇನೋ ಎದ್ದಿತು, ಗಣಿ ಮುಚ್ಚಿತು. ಗುಹೆಯಲ್ಲಿ ಬಿದ್ದಿರುವ ಡ್ವಾರ್ಫ್ ಅಸ್ಥಿಪಂಜರಗಳು ಇದ್ದಲ್ಲೇ ಇರುತ್ತವೆ, ಓರ್ಕ್‌ಗಳದ್ದನ್ನು ಮಾತ್ರ ತೆಗೆಯಬೇಕು. ಕುಲುಮೆಯನ್ನು ಕಾಯುವ ಸ್ಪೆಕ್ಟೇಟರ್, ಅದೇ ಹಲವು ಕಣ್ಣಿನ ಜೀವಿ, ಪುಸ್ತಕದಲ್ಲಿ ಒಂದು ವಿಚಿತ್ರ ಕಾವಲುಗಾರ ಅಷ್ಟೇ. ನಮ್ಮಲ್ಲಿ ಅದು ಬೆಲಶೀರಾ ಅನ್ನುವ ಡೇಲ್ಕಿರ್‌ನ ಕಡೆಯದಾಯಿತು, ಇದ್ದ ಜಾಗದಲ್ಲೇ ಇದ್ದು ಇಡೀ ಕಥೆಯ ಉತ್ತರವಾಯಿತು.

ಆದರೆ ಒಂದು ಎಳೆ ಎಳೆದರೆ ಇನ್ನೊಂದು ಬರುತ್ತದೆ. ಕುಲುಮೆ ಗಾಬ್ಲಿನ್‌ಗಳದ್ದು ಅಂದಮೇಲೆ ಮೊದಲ ಭಾಗದಲ್ಲಿ ದಾರಿ ಅಡ್ಡಗಟ್ಟುವ ಕ್ರ್ಯಾಗ್‌ಮಾ ಗಾಬ್ಲಿನ್‌ಗಳು ಸುಮ್ಮನೆ ದರೋಡೆಕೋರರಾಗಿ ಉಳಿಯಲು ಸಾಧ್ಯವಿಲ್ಲ ಅಲ್ವಾ? ಎಬೆರಾನ್‌ನಲ್ಲಿ ಗಾಬ್ಲಿನ್‌ಗಳು ಊರುಗಳಲ್ಲಿ ಎಲ್ಲರ ಜೊತೆ ಬದುಕುವವರು. ಕಂಡಲ್ಲಿ ಕೊಲ್ಲುವುದು ಅಲ್ಲಿ ಕೊಲೆಯೇ. ಹಾಗಾಗಿ ಅವರಿಗೂ ಒಂದು ಹಕ್ಕು ಕೊಟ್ಟೆ: ಪೂರ್ವಜರ ಕುಲುಮೆ ಎಲ್ಲಿದೆ ಅನ್ನುವ ನಕ್ಷೆ ಗುಂಡ್ರೆನ್ ರಾಕ್‌ಸೀಕರ್ (ಗಾಡಿ ತಲುಪಿಸಲು ಕ್ಯಾರೆಕ್ಟರ್‌ಗಳನ್ನು ಕೂಲಿಗೆ ಹಿಡಿದ ಡ್ವಾರ್ಫ್) ಕೈಯಲ್ಲಿದೆ, ಅದು ನಮ್ಮದು ಅಂತ ಅವರು ನಂಬಿದ್ದಾರೆ.

ಇದು ಮೇಜಿನ ಮೇಲೆ ಹೇಗೆ ಬಂತು ಅಂತ ಹೇಳುತ್ತೇನೆ. ದಾರಿಯಲ್ಲಿ ಎರಡು ಕುದುರೆ ಸತ್ತು ಬಿದ್ದಿವೆ, ಮೈಗೆ ಕಪ್ಪು ಗರಿಯ ಬಾಣಗಳು. ಪುಸ್ತಕದಲ್ಲಿ ಪೊದೆಯಲ್ಲಿರುವ ನಾಲ್ಕು ಗಾಬ್ಲಿನ್‌ಗಳು ನೇರ ದಾಳಿ ಮಾಡುತ್ತವೆ. ನಾನು ಒಂದೇ ಒಂದು ಬಾಣ ಬಿಡಿಸಿದೆ, ಗಾಡಿಯ ಹಲಗೆಗೆ. ಆಮೇಲೆ ಒಂದು ದನಿ: "ನಕ್ಷೆ ಇಟ್ಟು ಹೋಗಿ. ನಿಮ್ಮ ಮೇಲೆ ನಮಗೆ ಜಗಳ ಇಲ್ಲ." ಮೇಜಿನ ಸುತ್ತ ಒಂದು ಕ್ಷಣ ಎಲ್ಲರೂ ಡೈಸ್ ಕೈಯಲ್ಲಿ ಹಿಡಿದು ಹಾಗೇ ಕೂತರು. ಒಬ್ಬ ಕೇಳಿದ, "ಯಾವ ನಕ್ಷೆ? ನಮ್ಮ ಹತ್ತಿರ ಇರೋದು ಬರೀ ಗಾಡಿ ಸಾಮಾನು ತಾನೇ?" ಅಲ್ಲಿಂದ ಅವರ ತಲೆಯಲ್ಲಿ ಪ್ರಶ್ನೆ ಶುರುವಾಯಿತು. ಕೊನೆಗೆ ಹೊಡೆದಾಟ ಆಗೇ ಆಯಿತು, ಆದರೆ ಒಬ್ಬ ಗಾಬ್ಲಿನ್‌ನನ್ನು ಉಳಿಸಿಕೊಂಡರು, ಅವನ ಗಾಯಕ್ಕೆ ಬಟ್ಟೆ ಕಟ್ಟಿದರು. ಕ್ರ್ಯಾಗ್‌ಮಾ ಅಡಗುತಾಣದಲ್ಲಿ ಯೀಮಿಕ್ ಅನ್ನುವ ಗಾಬ್ಲಿನ್ ತನ್ನ ನಾಯಕ ಕ್ಲಾರ್ಗ್‌ನನ್ನು ಕೊಲ್ಲಿಸಲು ಸಿಲ್ಡಾರ್‌ನನ್ನು ಒತ್ತೆ ಇಟ್ಟುಕೊಂಡು ಚೌಕಾಸಿ ಮಾಡುವ ದೃಶ್ಯ ಪುಸ್ತಕದಲ್ಲೇ ಇದೆ. ಅಂದರೆ ಮಾತುಕತೆಗೆ ಜಾಗ ಮೊದಲಿಂದಲೂ ಇತ್ತು, ನಾನು ಅದನ್ನು ಹಿಗ್ಗಿಸಿದೆ. ಹೊಸ ಡಿಎಂಗಳು ಗಮನಿಸಿ: 1ನೇ ಲೆವೆಲ್‌ನವರಿಗೆ ಆ ನಾಲ್ಕು ಗಾಬ್ಲಿನ್‌ಗಳ ದಾಳಿ ಇದ್ದ ಹಾಗೇ ಆಡಿಸಿದರೆ ತುಂಬಾ ಕಷ್ಟ. ಮೊದಲು ಮಾತಿಗೆ ಬಿಟ್ಟರೆ ಕ್ಯಾರೆಕ್ಟರ್‌ಗಳು ಮೊದಲ ದಿನವೇ ಸಾಯುವುದೂ ತಪ್ಪುತ್ತದೆ.

ಇದರಿಂದಲೇ ನಾನು ಎಣಿಸದೇ ಇದ್ದ ತೊಡಕೊಂದು ಎದುರಾಯಿತು. ಒಬ್ಬಳ ಕ್ಯಾರೆಕ್ಟರ್ ಸೈರ್ ನಿರಾಶ್ರಿತೆ, ಇನ್ನೊಬ್ಬನದ್ದು ದರ್ಗೂನ್‌ನ ಹಾಬ್‌ಗಾಬ್ಲಿನ್, ಗಾಬ್ಲಿನ್ ಬಳಗದವನೇ. ದರ್ಗೂನ್ ಹುಟ್ಟಿದ್ದೇ 969ರಲ್ಲಿ, ಸೈರ್ ಸಂಬಳಕ್ಕಿಟ್ಟುಕೊಂಡಿದ್ದ ಹಾಬ್‌ಗಾಬ್ಲಿನ್ ಸೈನಿಕರು ಹಾರೂಕ್ ನಾಯಕತ್ವದಲ್ಲಿ ತಿರುಗಿಬಿದ್ದು ಸೈರ್‌ನ ನೆಲವನ್ನೇ ಕಿತ್ತುಕೊಂಡಾಗ. "ಇದು ನಮ್ಮ ಪೂರ್ವಜರದ್ದು" ಅಂತ ಅವನು, "ನಮ್ಮ ಮನೆ ಕಿತ್ತುಕೊಂಡವರೂ ಇದನ್ನೇ ಹೇಳಿದ್ದು" ಅಂತ ಅವಳು. ಆಟ ಚೆನ್ನಾಗಿತ್ತು, ಆದರೆ ದನಿ ಏರುವುದು ಕೇಳಿಸಿತು. ಸೆಷನ್ ಅಲ್ಲಿಗೇ ನಿಲ್ಲಿಸಿ ಕ್ಯಾರೆಕ್ಟರ್ ಬಿಟ್ಟು ಸ್ನೇಹಿತರಾಗಿ ಮಾತಾಡಿದೆವು. ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕು ಅಂತ ಇಬ್ಬರೂ ಹೇಳಿಕೊಂಡರು. ಈ ಮಾತುಕತೆಯನ್ನು ಸೆಷನ್ ಸೊನ್ನೆಯಲ್ಲೇ, ಅಂದರೆ ಆಟಕ್ಕೆ ಮುಂಚಿನ ತಯಾರಿಯಲ್ಲೇ, ಮಾಡಿಬಿಡಿ ಅಂತ ನನ್ನ ಬಲವಾದ ಸಲಹೆ. ಪುಸ್ತಕದ ಸಾಹಸಕ್ಕೆ ಇಲ್ಲದ ಭಾರ ಹೊಸ ಲೋಕಕ್ಕೆ ತಂದಾಗ ಬರುತ್ತದೆ, ಅದನ್ನು ಹೊರುವವರು ಪ್ಲೇಯರ್‌ಗಳು.

ಸೆಷನ್ ಸೊನ್ನೆ ಅಂದಾಗ ನೆನಪಾಯಿತು, ಕಾಯುವುದರ ಬಗ್ಗೆ. ಪ್ರತಿಯೊಬ್ಬರಿಗೂ ಕೆಲವು ಪ್ರಶ್ನೆ ಕಳಿಸಿದ್ದೆ: ಯುದ್ಧದಲ್ಲಿ ಏನು ಮಾಡಿದಿರಿ, ಯಾರಿಗೆ ಸಾಲ ಕೊಡಬೇಕು, ಗುಂಡ್ರೆನ್ ನಿಮಗೆ ಹೇಗೆ ಗೊತ್ತು. ಮೂರು ಜನ ಬೇಗ ಬರೆದರು. ನಾಲ್ಕನೆಯವನ ಉತ್ತರಕ್ಕೆ ಕಾದು ಕಾದು ಸಾಕಾಯಿತು, ಆದರೆ ಬಂದಾಗ ಅದು ಇಡೀ ಸಾಹಸದ ಕೊನೆಯನ್ನೇ ಬದಲಿಸಿತು. ಅವನು ವಾರ್‌ಫೋರ್ಜ್ಡ್ ಆಗಿ ಆಡಬೇಕು ಅಂದ, ಅಂದರೆ ಯುದ್ಧಕ್ಕಾಗಿ ಕುಲುಮೆಯಲ್ಲಿ ಹುಟ್ಟಿಸಿದ ಜೀವ. ಇದರ ವಿಷಯ ಕೊನೆಗೆ ಹೇಳುತ್ತೇನೆ. ಉತ್ತರ ಬರದೆ ಸಾಹಸದ ಮೂರನೇ, ನಾಲ್ಕನೇ ಭಾಗವನ್ನು ಗಟ್ಟಿ ಮಾಡಬೇಡಿ, ಮೊದಲ ಎರಡು ಸಿದ್ಧವಿದ್ದರೆ ಆಟ ಶುರು ಮಾಡಲು ಸಾಕು.

ರೈಲಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಸಿದ್ಧವಾಗಿರಿ. ಓರಿಯನ್ ಮನೆತನದ ಲೈಟ್ನಿಂಗ್ ರೈಲ್ ಇರುವಾಗ ಯಾರಾದರೂ ಎತ್ತಿನ ಗಾಡಿಯಲ್ಲಿ ಸಾಮಾನು ಕಳಿಸುತ್ತಾರಾ? ಸಿವಿಸ್ ಮನೆತನದ ಸುದ್ದಿ ಕೇಂದ್ರ ಇರುವಾಗ ಗುಂಡ್ರೆನ್ ಕಾಣೆಯಾದದ್ದು ಯಾರಿಗೂ ಯಾಕೆ ತಿಳಿಯಲಿಲ್ಲ? ಸೈರ್ ನಾಶವಾದಾಗ ಅದರ ಮೂಲಕ ಹೋಗುತ್ತಿದ್ದ ರೈಲು ದಾರಿಗಳೂ ಕಡಿದುಹೋದವು. ಹಾಗಾಗಿ ನಮ್ಮ ಊರು ಕೊನೆಯ ನಿಲ್ದಾಣದಿಂದ ಗಾಡಿಯಲ್ಲೇ ಹೋಗಬೇಕಾದಷ್ಟು ದೂರ. ಸುದ್ದಿ ಕೇಂದ್ರ ಇರುವುದೂ ಆ ನಿಲ್ದಾಣದಲ್ಲೇ. ಗುಂಡ್ರೆನ್ ಒಬ್ಬೊಬ್ಬರಿಗೆ 10 ಬಂಗಾರದ ನಾಣ್ಯ ಕೂಲಿ ಕೊಡುತ್ತೇನೆ ಅನ್ನುವುದು ಹಾಗೇ ಇರಲಿ, ನಾಣ್ಯದ ಹೆಸರು ಮಾತ್ರ ಗ್ಯಾಲಿಫಾರ್ ಅಂತ ಮಾಡಿ.

ಉಳಿದ ಚಿಕ್ಕಪುಟ್ಟವು ಬೇಗ ಮುಗಿದವು. ಓಲ್ಡ್ ಔಲ್ ವೆಲ್‌ನಲ್ಲಿರುವ ಥೇ ದೇಶದ ಕೆಂಪು ಮಾಂತ್ರಿಕ ಎಬೆರಾನ್‌ನ ಕಾರ್ನಾಥ್ ದೇಶದವನಾದ, ಎಮರಾಲ್ಡ್ ಕ್ಲಾ ಸಂಘದವನು. ವೈವರ್ನ್ ಟಾರ್‌ನ ಓರ್ಕ್‌ಗಳ ಜಾಗಕ್ಕೆ ಸೀವಾಲ್ ಬೆಟ್ಟದ ಮಾರ್ಗೂಲ್ ಬಗ್‌ಬೇರ್‌ಗಳು ಬಂದರು. ಥಂಡರ್‌ಟ್ರೀಯ ಹಸಿರು ಡ್ರ್ಯಾಗನ್ ವೆನಮ್‌ಫ್ಯಾಂಗ್ ಮಾತ್ರ ಸ್ವಲ್ಪ ಯೋಚಿಸುವಂಥದ್ದು. ಹಸಿರು ಡ್ರ್ಯಾಗನ್ ಕೆಟ್ಟದ್ದೇ ಅನ್ನುವ ನಿಯಮ ಎಬೆರಾನ್‌ನಲ್ಲಿ ಇಲ್ಲ, ಬಣ್ಣ ನೋಡಿ ಗುಣ ಹೇಳಲಾಗದು. ಡ್ರ್ಯಾಗನ್‌ಗಳು ಬಹುಪಾಲು ದೂರದ ಆರ್ಗೊನೆಸೆನ್ ಖಂಡದಲ್ಲಿರುತ್ತವೆ, ಇಲ್ಲಿ ಕಂಡರೆ ಅದಕ್ಕೆ ಕಾರಣ ಇರಬೇಕು. ಭವಿಷ್ಯವಾಣಿಯ ಗುರುತು ಹುಡುಕುವ ಡ್ರ್ಯಾಗನ್‌ಗಳ ಚೇಂಬರ್ ಸಂಘ ಅದನ್ನು ಮಂಜಿನ ಅಂಚನ್ನು ನೋಡಿಕೊಳ್ಳಲು ಕಳಿಸಿದೆ ಅಂತ ಮಾಡಿದೆ. ಅಂಕಿಅಂಶದಲ್ಲಿ ಅದು 136 ಹಿಟ್ ಪಾಯಿಂಟ್‌ನ (ಅಷ್ಟು ಏಟು ತಡೆಯುವ) ಯುವ ಡ್ರ್ಯಾಗನ್, ಒಂದು ವಿಷದ ಉಸಿರಿಗೆ 12 ಆರು ಮುಖದ ಡೈಸ್. 3ನೇ ಲೆವೆಲ್ ಗುಂಪು ಎದುರು ನಿಂತರೆ ಮುಗಿಯಿತು. ಮಾತಾಡಲು ಕಾರಣ ಇರುವ ಡ್ರ್ಯಾಗನ್ ಎಲ್ಲರ ಜೀವ ಉಳಿಸಿತು.

ಖಳನಾಯಕ ನೆಜ್ನಾರ್ ಬಗ್ಗೆ ಒಂದು ಎಚ್ಚರಿಕೆ. ಪುಸ್ತಕದಲ್ಲಿ ಅವನು ಡ್ರೌ, ಅಂದರೆ ಕಪ್ಪು ಎಲ್ಫ್, ಜೇಡ ಅವನ ಗುರುತು. ಎಬೆರಾನ್‌ನ ಡ್ರೌ ಜನ ಜೆನ್‌ಡ್ರಿಕ್ ಖಂಡದವರು, ಅವರಲ್ಲಿ ಹಲವರು ಪೂಜಿಸುವುದು ಚೇಳಿನ ರೂಪದ ವುಲ್ಕೂರ್‌ನನ್ನು. ಅವನನ್ನು ಹಾಗೇ ಇಟ್ಟರೆ ಗೊತ್ತಿರುವವರು ತಪ್ಪು ದಾರಿಯಲ್ಲಿ ಹುಡುಕುತ್ತಾ ಹೋಗುತ್ತಾರೆ. ನಾನು ಅವನನ್ನು ಥುರಾನಿ ಮನೆತನದ ಎಲ್ಫ್ ಗೂಢಚಾರ ಮಾಡಿದೆ, ಅವನಿಗೆ ಕೂಲಿ ಕೊಡುತ್ತಿದ್ದದ್ದು ವಾರ್‌ಫೋರ್ಜ್ಡ್‌ಗಳನ್ನು ತಯಾರಿಸಿದ ಕ್ಯಾನಿತ್ ಮನೆತನದ ಒಂದು ಬಣ. ಸೈರ್ ನಾಶವಾದ ಮೇಲೆ ಕ್ಯಾನಿತ್ ಮೂರಾಗಿ ಒಡೆದಿದೆ, ಹಳೆಯ ಕುಲುಮೆ ಯಾರ ಕೈಗೆ ಸಿಕ್ಕರೂ ಅವರ ಬಲ ಏರುತ್ತದೆ. ನಮ್ಮಲ್ಲಿ ಒಬ್ಬ ಈ ಸಾಹಸವನ್ನು ಹಿಂದೆ ಬೇರೆ ಕಡೆ ಆಡಿದ್ದ. ಅವನಿಗೂ ಖಳ ಯಾರು ಅನ್ನುವುದು ಕೊನೆಯವರೆಗೆ ಗೊತ್ತಾಗಲಿಲ್ಲ, ಅವನೇ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟ.

ಹೆಸರುಗಳ ಬಗ್ಗೆ ಒಂದು ಸಣ್ಣ ಮಾತು. ಲೋಕಕ್ಕೆ ಅಡ್ಡ ಬರದ ಹೆಸರನ್ನು ಬದಲಿಸಬೇಡಿ. ಆಟದ ಮಧ್ಯೆ ಪುಸ್ತಕ ನೋಡಿ ಓದುವಾಗ ಕಣ್ಣಿಗೆ ಬೀಳುವುದು ಹಳೆಯ ಹೆಸರೇ, ಬಾಯಿಗೆ ಬರುವುದೂ ಅದೇ. ಬದಲಿಸಿದವನ್ನು ಮಾತ್ರ ಚೀಟಿ ಬರೆದು ಆಯಾ ಪುಟಕ್ಕೆ ಅಂಟಿಸಿ. ನಿಮ್ಮ ಮೇಜಿಗಾಗಿ ಏನು ಬೇಕಾದರೂ ಬದಲಿಸಿಕೊಳ್ಳಿ, ಯಾರನ್ನೂ ಕೇಳಬೇಕಿಲ್ಲ. ಹೊರಗೆ ಹಂಚುವುದಾದರೆ ಹುಷಾರು. 2023ರಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಅದರಿಂದ ಫ್ಯಾಂಡೆಲ್ವರ್ ಕಥೆಯಾಗಲಿ ಎಬೆರಾನ್ ಲೋಕವಾಗಲಿ ಎಲ್ಲರ ಸ್ವತ್ತಾಗಿಲ್ಲ.

ಈಗ ಕುಲುಮೆಯ ವಿಷಯ. ಪುಸ್ತಕದಲ್ಲಿ ಹಸಿರು ಬೆಂಕಿ ಉರಿಯುವ ಒಂದು ಅಗ್ಗಿಷ್ಟಿಕೆ ಇದೆ, ಅದರಲ್ಲಿ ಆಯುಧ ಇಟ್ಟರೆ ಕೆಲವು ಗಂಟೆ ಮಂತ್ರ ಹಿಡಿಯುತ್ತದೆ. ಖಳನನ್ನು ಸೋಲಿಸಿದರೆ ಗಣಿ ರಾಕ್‌ಸೀಕರ್ ಸೋದರರದ್ದು, ಕಥೆ ಮುಗಿಯಿತು. ನಮ್ಮಲ್ಲಿ ಅಷ್ಟಕ್ಕೆ ಮುಗಿಯಲು ವಾರ್‌ಫೋರ್ಜ್ಡ್ ಬಿಡಲಿಲ್ಲ. ಯುದ್ಧ ನಿಲ್ಲಿಸಿದ ಥ್ರೋನ್‌ಹೋಲ್ಡ್ ಒಪ್ಪಂದ ಅವರನ್ನು ಸ್ವತಂತ್ರರು ಅಂತ ಒಪ್ಪಿತು, ಜೊತೆಗೆ ಅವರನ್ನು ಹುಟ್ಟಿಸುವ ಕುಲುಮೆಗಳನ್ನೆಲ್ಲ ಒಡೆಯಬೇಕು ಅಂತಲೂ ಹೇಳಿತು. ಕ್ಯಾನಿತ್ ಈ ಕುಲುಮೆ ಹುಡುಕುತ್ತಿರುವುದು ವಾರ್‌ಫೋರ್ಜ್ಡ್‌ಗಳನ್ನು ಮತ್ತೆ ಹುಟ್ಟಿಸುವುದಕ್ಕೇ ಅಂತ ಅವನಿಗೆ ನೆಜ್ನಾರ್‌ನ ಕಾಗದಗಳಲ್ಲಿ ಗೊತ್ತಾಯಿತು. ಒಡೆದರೆ ತನ್ನಂಥವರು ಇನ್ನು ಹುಟ್ಟುವ ಕೊನೆಯ ದಾರಿಯೂ ಮುಚ್ಚಿದಂತೆ. ಬಿಟ್ಟರೆ ಯಾರೋ ಮತ್ತೆ ಗುಲಾಮರನ್ನು ಮಾಡುತ್ತಾರೆ.

ಕೊನೆಯ ಸೆಷನ್‌ನಲ್ಲಿ ಹೊಡೆದಾಟಕ್ಕೆ ಹೋದದ್ದು ಸ್ವಲ್ಪವೇ ಹೊತ್ತು, ಉಳಿದದ್ದೆಲ್ಲ ಆ ಬೆಂಕಿಯ ಸುತ್ತ ನಿಂತು ಮಾತು. ನಾನು ಡಿಎಂ ಆಗಿ ಒಂದು ಮಾತೂ ಆಡಲಿಲ್ಲ, ಆಡಬೇಕಾಗಲೂ ಇಲ್ಲ. ಹಾಬ್‌ಗಾಬ್ಲಿನ್ ತನ್ನ ಜನರನ್ನು ಕರೆಸೋಣ ಅಂದ, ಸೈರ್‌ನವಳು ಊರಿನವರಿಗೆ ಬೇಕು ಅಂದಳು, ಗುಂಡ್ರೆನ್ ತನ್ನ ಸೋದರನ ಹೆಣ ತೋರಿಸಿ ಸುಮ್ಮನಾದ. ಕೊನೆಗೆ ಅವರು ಒಪ್ಪಿಕೊಂಡದ್ದು ಇಷ್ಟು: ಕುಲುಮೆ ಒಡೆಯುವುದಿಲ್ಲ, ಊರೂ ಕ್ರ್ಯಾಗ್‌ಮಾ ಗಾಬ್ಲಿನ್‌ಗಳೂ ಸೇರಿ ಕಾಯಬೇಕು, ಬೀಗದ ಕೈ ವಾರ್‌ಫೋರ್ಜ್ಡ್ ಹತ್ತಿರ. ಫ್ಯಾಂಡೆಲ್ವರ್ ಒಪ್ಪಂದ ಅನ್ನುವ ಹೆಸರನ್ನೇ ಹೊಸದಕ್ಕೂ ಇಟ್ಟರು. ಕ್ಯಾನಿತ್‌ನ ಮೂರೂ ಬಣಗಳಿಗೆ ಸುದ್ದಿ ತಲುಪಲು ತುಂಬಾ ದಿನ ಬೇಕಾಗುವುದಿಲ್ಲ, ಸಿಟಾಡೆಲ್‌ಗೆ ಸಿಲ್ಡಾರ್ ಏನು ವರದಿ ಕಳಿಸುತ್ತಾನೆ ಅನ್ನುವುದೂ ಬಾಕಿ ಇದೆ. 6ನೇ ಲೆವೆಲ್‌ನಿಂದ ಮುಂದಕ್ಕೆ ಪುಸ್ತಕ ಇಲ್ಲದೇ ಆಡಿಸುವಷ್ಟು ಸಾಮಗ್ರಿ ಈಗ ನನ್ನ ಶೀಟ್‌ನಲ್ಲೇ ಇದೆ, ಮುಂದಿನ ವಾರದಿಂದ ಐದನೇ ಕಾಲಂ ಶುರು: ಯಾರಿಗೆ ಈಗ ಏನು ಬೇಕು.